ಕಣ್ಣಿಗೆ ಕಾಣದ ಕೊಳೆ: ಅಡಿಕೆಯ ನಾಡಿನಲ್ಲಿ ಸೂಕ್ಷ್ಮದರ್ಶಕ

ಮಳೆಗಾಲದ ನಡು. ಎಡೆಬಿಡದೆ ಸುರಿದ ಮಳೆ ಒಂದು ಗಳಿಗೆ ಬಿಟ್ಟಿದೆ. ಪುತ್ತೂರು, ಸುಳ್ಯ, ಕಡಬ ಸೀಮೆಯ ಯಾವ ಕೃಷಿಕನ ಮನೆಯಲ್ಲಿ ಮಲಗಿದ್ದರೂ ಆ ಹೊತ್ತಿನಲ್ಲಿ ತೋಟದ ಕಡೆಯಿಂದ ಒಂದು ಸದ್ದು ಕೇಳಿಬರುತ್ತದೆ. ಎಳೆಯ ಅಡಿಕೆ ಟಪ್ ಟಪ್ ಎಂದು ನೆಲಕ್ಕೆ ಉದುರುವ ಸದ್ದು. ಮನೆಯ ಯಜಮಾನ ಮಗ್ಗುಲು ಬದಲಿಸುತ್ತಾನೆ, ನಿದ್ರಿಸುವುದಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಮರದ ಬುಡದಲ್ಲಿ ಹಸಿರು ಮಾಸಿದ, ನೀರು ಕುಡಿದಂತಿರುವ ಕಾಯಿಗಳು. ಎರಡು ದಿನ ಬಿಟ್ಟರೆ ಅವುಗಳ ಮೈತುಂಬ ಬಿಳಿಯ ಬೂಸ್ಟು. ಇದೇ ಕೊಳೆರೋಗ, ಇಲ್ಲಿಯವರ ಮಾತಿನಲ್ಲಿ ಮಹಾಳಿ.

ಬಯಲುಸೀಮೆಯ ನಮ್ಮ ವಾಚಕರಿಗೆ ಈ ಪ್ರದೇಶದ ಕಿರುಪರಿಚಯ ಅಗತ್ಯ. ಪಶ್ಚಿಮ ಘಟ್ಟದ ಬುಡದಲ್ಲಿ, ಕುಮಾರಧಾರಾ ಮತ್ತು ಪಯಸ್ವಿನೀ ನದಿಗಳ ತಪ್ಪಲಲ್ಲಿ ಹಬ್ಬಿದ ನಾಡಿದು. ಕಡಬ ಇತ್ತೀಚಿನ ವರ್ಷಗಳಲ್ಲಷ್ಟೇ ಪ್ರತ್ಯೇಕ ತಾಲೂಕಾಗಿದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಮೂರು ತಾಲೂಕುಗಳಲ್ಲಿ ಮಗಳ ಮದುವೆ, ಮಗನ ಓದು, ಮನೆಯ ಮಾಡು ಎಲ್ಲವೂ ಅಡಿಕೆಯ ಗೊನೆಯನ್ನೇ ನೆಚ್ಚಿಕೊಂಡಿರುತ್ತವೆ. ಧಾರವಾಡದ ಕಡೆಯವನಾದ ನಾನು ವಿಜ್ಞಾನದ ಶಿಕ್ಷಕನಾಗಿ ಇಲ್ಲಿಯ ಒಂದು ಪ್ರೌಢಶಾಲೆಗೆ ಬಂದು ಬಹುಕಾಲ ಸೇವೆ ಸಲ್ಲಿಸಿದೆ. ಸೂಕ್ಷ್ಮದರ್ಶಕವೆಂಬ ಸಾಧನದ ಹಿರಿಮೆಯನ್ನೂ ಅದರ ಮಿತಿಯನ್ನೂ ನನಗೆ ಕಲಿಸಿದ್ದು ಪಠ್ಯಪುಸ್ತಕವಲ್ಲ, ಈ ನಾಡಿನ ಅಡಿಕೆ ತೋಟಗಳು. ಆ ಪಾಠವನ್ನು ನಮ್ಮ ಕುಟುಂಬಗಳ ಕಿರಿಯರೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಬೀರುವಿನೊಳಗಿನ ಸಾಧನ

ನಾನು ಬಂದಾಗ ಶಾಲೆಯ ಸೂಕ್ಷ್ಮದರ್ಶಕ ಬೀರುವಿನಲ್ಲಿ ಬೀಗದೊಳಗಿತ್ತು. ಮಕ್ಕಳು ಮುರಿದಾರೆಂಬ ಭಯ. ಹೊರತೆಗೆದ ಮೊದಲ ದಿನವೇ ಒಬ್ಬ ಹುಡುಗ ದೊಡ್ಡ ತಿರುಪನ್ನು ಭರದಿಂದ ತಿರುಗಿಸಿ ಮಸೂರವನ್ನು ಗಾಜಿನ ಪಟ್ಟಿಗೆ ಒತ್ತಿಬಿಟ್ಟ. ಪಟ್ಟಿ ಎರಡು ಹೋಳಾಯಿತು. ಆದರೂ ಅದನ್ನು ಮತ್ತೆ ಬೀಗದೊಳಗಿಡಲು ಮನಸ್ಸಾಗಲಿಲ್ಲ. ನೋಡಲಾಗದ ಸೂಕ್ಷ್ಮದರ್ಶಕಕ್ಕಿಂತ ಒಡೆದ ಗಾಜಿನ ಪಟ್ಟಿ ಕಡಿಮೆ ನಷ್ಟ ಎಂದುಕೊಂಡೆ.

ಆ ದಿನ ಒಬ್ಬಳು ಹುಡುಗಿ ಕೇಳಿದ ಪ್ರಶ್ನೆ ಮಾತ್ರ ನೆನಪಿನಲ್ಲಿ ಉಳಿದಿದೆ. "ಸರ್, ಇದು ವಸ್ತುವನ್ನು ದೊಡ್ಡದು ಮಾಡುತ್ತದೋ, ಅಲ್ಲ ನಮ್ಮ ಕಣ್ಣನ್ನು ದೊಡ್ಡದು ಮಾಡುತ್ತದೋ?" ಪ್ರಶ್ನೆ ಸರಳವಾಗಿ ಕಂಡರೂ ಉತ್ತರಿಸಲು ಒಂದು ವಾರ ಬೇಕಾಯಿತು.

ದೊಡ್ಡದಾಗಿ ಕಾಣುವುದೆಂದರೇನು?

ವಸ್ತುವೂ ಬೆಳೆಯುವುದಿಲ್ಲ, ಕಣ್ಣೂ ಬೆಳೆಯುವುದಿಲ್ಲ. ಯಾವುದೇ ವಸ್ತು ನಮಗೆ ಎಷ್ಟು ದೊಡ್ಡದಾಗಿ ಕಾಣುತ್ತದೆಂಬುದು ಅದು ಕಣ್ಣಿನಲ್ಲಿ ಉಂಟುಮಾಡುವ ಕೋನವನ್ನು ಅವಲಂಬಿಸಿದೆ. ದೂರದ ಬೆಟ್ಟ ಅಂಗೈಯಲ್ಲಿ ಮರೆಯಾಗುವುದು ಈ ಕಾರಣದಿಂದಲೇ. ಸಣ್ಣ ಅಕ್ಷರವನ್ನು ಓದಬೇಕಾದಾಗ ನಾವು ಪುಸ್ತಕವನ್ನು ಹತ್ತಿರ ತರುತ್ತೇವೆ. ಹತ್ತಿರ ಬಂದಷ್ಟೂ ಕೋನ ಹಿಗ್ಗುತ್ತದೆ. ಆದರೆ ಇದಕ್ಕೊಂದು ಎಲ್ಲೆಯುಂಟು. ಸುಮಾರು 25 ಸೆಂಟಿಮೀಟರಿಗಿಂತ ಹತ್ತಿರ ತಂದರೆ ಸಾಮಾನ್ಯ ಕಣ್ಣಿಗೆ ಅಕ್ಷರ ಮಸುಕಾಗುತ್ತದೆ. ಆ ದೂರದಲ್ಲಿ ಬರಿಗಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಅಂತರ ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು.

ಅಜ್ಜಂದಿರು ಪಂಚಾಂಗ ಓದಲು ಬಳಸುವ ಭೂತಗನ್ನಡಿ ಈ ಎಲ್ಲೆಯನ್ನು ದಾಟಿಸುವ ಸಾಧನ. ಅದು ಪೀನ ಮಸೂರ. ವಸ್ತುವನ್ನು ತೀರ ಹತ್ತಿರ ತಂದರೂ ಕಣ್ಣಿಗೆ ಸ್ಪಷ್ಟವಾಗಿ ಕಾಣುವಂತೆ ಕಿರಣಗಳನ್ನು ಬಾಗಿಸಿಕೊಡುವುದು ಅದರ ಕೆಲಸ. ಲೆಕ್ಕ ಸುಲಭ. 25ನ್ನು ಮಸೂರದ ಸಂಗಮ ದೂರದಿಂದ ಭಾಗಿಸಬೇಕು. ಸಂಗಮ ದೂರ 5 ಸೆಂಟಿಮೀಟರ್ ಇದ್ದರೆ ವರ್ಧನ 5 ಪಟ್ಟು, 2.5 ಇದ್ದರೆ 10 ಪಟ್ಟು. ಮಸೂರ ದಪ್ಪಗೂ ಚಿಕ್ಕದಾಗಿಯೂ ಆದಷ್ಟು ಅದರ ಶಕ್ತಿ ಹೆಚ್ಚುತ್ತದೆ.

ಈ ತತ್ತ್ವವನ್ನು ಅದರ ತುದಿಯವರೆಗೆ ಕೊಂಡೊಯ್ದವನು ವಿಜ್ಞಾನಿಯ ಪದವಿ ಪಡೆದವನಲ್ಲ, ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನ ಜವಳಿ ವ್ಯಾಪಾರಿ ಲೀವೆನ್‌ಹುಕ್. ಬಟ್ಟೆಯ ನೂಲಿನ ಎಳೆಗಳನ್ನು ಪರೀಕ್ಷಿಸಲು ಮಸೂರ ಹಿಡಿಯುವುದು ಆ ವ್ಯಾಪಾರದ ವಾಡಿಕೆಯಾಗಿತ್ತು. ಆತ ತನ್ನ ಕೈಯಾರೆ ಕಡಲೆಕಾಳಿಗಿಂತಲೂ ಚಿಕ್ಕ ಮಸೂರಗಳನ್ನು ತಯಾರಿಸಿ, ಹಿತ್ತಾಳೆಯ ಎರಡು ತಗಡುಗಳ ನಡುವೆ ಕೂರಿಸಿದ. ಎರಡು ಮಿಲಿಮೀಟರ್ ವ್ಯಾಸದ ಗಾಜಿನ ಮಣಿಯೊಂದರ ಸಂಗಮ ದೂರ ಸುಮಾರು ಒಂದೂವರೆ ಮಿಲಿಮೀಟರ್. 250 ಮಿಲಿಮೀಟರನ್ನು ಒಂದೂವರೆಯಿಂದ ಭಾಗಿಸಿದರೆ 160ಕ್ಕೂ ಮಿಕ್ಕಿದ ವರ್ಧನ! ಇಂದಿಗೂ ಉಳಿದಿರುವ ಅವನ ಒಂದು ಸಾಧನದ ವರ್ಧನ ಸುಮಾರು 270 ಪಟ್ಟು. 1670ರ ದಶಕದಲ್ಲಿ ಅವನು ಒಂದು ಹನಿ ನೀರಿನಲ್ಲಿ ಈಜುವ ಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಕಣ್ಣಿಗೆ ಕಾಣದ ಜೀವಲೋಕವೊಂದು ಇದೆಯೆಂದು ಮನುಕುಲಕ್ಕೆ ತಿಳಿದದ್ದು ಹೀಗೆ.

ಶಾಲೆಗಳಲ್ಲಿರುವುದು ಸಂಯುಕ್ತ ಸೂಕ್ಷ್ಮದರ್ಶಕ. ಇದರಲ್ಲಿ ಮಸೂರಗಳ ಎರಡು ತಂಡಗಳಿವೆ. ವಸ್ತುವಿನ ಬಳಿಯ ಮಸೂರ ಕೊಳವೆಯೊಳಗೆ ಒಂದು ಹಿಗ್ಗಿದ ಬಿಂಬವನ್ನು ಮೂಡಿಸುತ್ತದೆ. ಕಣ್ಣಿನ ಬಳಿಯ ಮಸೂರ ಆ ಬಿಂಬವನ್ನು ಭೂತಗನ್ನಡಿಯಂತೆ ಮತ್ತೆ ಹಿಗ್ಗಿಸುತ್ತದೆ. ಕೆಳಗಿನದು 40 ಪಟ್ಟು, ಮೇಲಿನದು 10 ಪಟ್ಟು ಇದ್ದರೆ ಒಟ್ಟು ವರ್ಧನ 400. ಎರಡನ್ನೂ ಕೂಡಿಸಿ 50 ಎನ್ನುವುದು ಮಕ್ಕಳ ಸಾಮಾನ್ಯ ತಪ್ಪು, ಕೂಡಬಾರದು, ಗುಣಿಸಬೇಕು.

ಇನ್ನೊಂದು ಮಾತನ್ನೂ ನೆನಪಿಡತಕ್ಕದ್ದು. ವರ್ಧನ ಹೆಚ್ಚಿದಂತೆ ಕಾಣುವ ಹರವು ಕುಗ್ಗುತ್ತದೆ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ 100 ಪಟ್ಟಿನಲ್ಲಿ ಸುಮಾರು 1.8 ಮಿಲಿಮೀಟರ್ ಅಗಲದ ವೃತ್ತ ಕಂಡರೆ, 400 ಪಟ್ಟಿನಲ್ಲಿ ಅದು ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಬೆಳಕೂ ಮಂದವಾಗುತ್ತದೆ. ಆದಕಾರಣ ಮೊದಲು ಕಡಿಮೆ ವರ್ಧನದಲ್ಲಿ ಹುಡುಕಿ, ಬೇಕಾದುದನ್ನು ನಡುವಿಗೆ ತಂದು, ಅನಂತರವಷ್ಟೇ ಮೇಲೇರಬೇಕು. ಊರನ್ನು ಕಾಣದೆ ಮನೆಯನ್ನು ಹುಡುಕಲಾಗದು.

ಕೊಳೆಯ ಬೆನ್ನು ಹತ್ತಿದವರು

ಮಹಾಳಿಗೆ ಕಾರಣವೇನೆಂದು ನಮ್ಮ ಹಿರಿಯರು ಶತಮಾನಗಳ ಕಾಲ ತರ್ಕಿಸಿದ್ದಾರೆ. ಮಳೆ ಹೆಚ್ಚಾದುದರಿಂದ ಎಂದರು ಕೆಲವರು. ದೈವದ ಮುನಿಸು ಎಂದರು ಹಲವರು. ಮಲೆನಾಡಿನವರು ಗೊನೆಗೆ ನೀರು ತಾಗದಂತೆ ಕೊಟ್ಟೆ ಕಟ್ಟುವ ಉಪಾಯವನ್ನು ಕಂಡುಕೊಂಡಿದ್ದರು. ಕಾರಣ ತಿಳಿಯದಿದ್ದರೂ ಅವರ ಉಪಾಯ ಸರಿಯಾಗಿಯೇ ಇತ್ತೆಂಬುದು ಗಮನಾರ್ಹ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇ. ಜೆ. ಬಟ್ಲರ್ ಎಂಬ ಶಿಲೀಂಧ್ರ ತಜ್ಞ ಈ ರೋಗವನ್ನು ಪರಿಶೀಲಿಸಿದ. 1908ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಸೇವೆಗೆ ಬಂದ. ಮಲೆನಾಡಿನ ತೋಟಗಳ ಕೊಳೆತ ಕಾಯಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಆ ಬಿಳಿ ಬೂಸ್ಟು ರೋಗದ ಫಲವಲ್ಲ, ರೋಗದ ಮೂಲ ಎಂದು ವಿವರಿಸಿ 1910ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದ. ಮುಂದೆ ಅವನು ಸಂಸ್ಥಾನದ ಕೃಷಿ ನಿರ್ದೇಶಕನಾದ. ಪುತ್ತೂರು, ಸುಳ್ಯಗಳು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. ಆದರೆ ಕೊಳೆಗೆ ಪ್ರಾಂತ್ಯದ ಗಡಿಯಿಲ್ಲ, ಅದರ ಮದ್ದಿಗೂ ಇಲ್ಲ.

ಆ ಸೂಕ್ಷ್ಮ ಜೀವಿಯ ಕುಲದ ಹೆಸರು ಫೈಟಾಫ್ತೊರ. ಗ್ರೀಕ್ ಭಾಷೆಯಲ್ಲಿ ಸಸ್ಯನಾಶಕ ಎಂದರ್ಥ. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಯಿಸಿ ಹತ್ತು ಲಕ್ಷದಷ್ಟು ಜನರ ಸಾವಿಗೆ ಕಾರಣವಾದುದು ಇದೇ ಕುಲದ ಇನ್ನೊಂದು ಪ್ರಭೇದ. ಆಗಲೂ ಕೊಳೆತದ್ದರಿಂದ ಬೂಸ್ಟು ಬಂತೆಂದು ಪಂಡಿತರೇ ವಾದಿಸುತ್ತಿದ್ದರು. ಬರ್ಕ್ಲಿ ಎಂಬ ಇಂಗ್ಲೆಂಡಿನ ಪಾದ್ರಿಯೊಬ್ಬರು 1846ರಲ್ಲಿ ಸೂಕ್ಷ್ಮದರ್ಶಕದ ಸಾಕ್ಷ್ಯದಿಂದ, ಬೂಸ್ಟಿನಿಂದಲೇ ಕೊಳೆತ ಎಂದು ಪ್ರತಿಪಾದಿಸಿದರು. ಬಹುಕಾಲ ಶಿಲೀಂಧ್ರವೆಂದೇ ಎಣಿಸಲಾದ ಈ ಜೀವಿಗಳು ವಾಸ್ತವದಲ್ಲಿ ನಿಜವಾದ ಶಿಲೀಂಧ್ರಗಳಲ್ಲ, ಕಂದು ಪಾಚಿಗಳಿಗೆ ಹತ್ತಿರದ ನಂಟರು ಎಂಬುದು ಈಚಿನ ತಿಳಿವಳಿಕೆ.

ಒಂದು ಹನಿ ನೀರಿನಲ್ಲಿ ಕಂಡದ್ದು

ಒಂದು ಮಳೆಗಾಲದಲ್ಲಿ ಮಕ್ಕಳಿಗೆ ಹೇಳಿದೆ: ಉದುರಿದ ಕಾಯಿ ತನ್ನಿ. ಮರುದಿನ ಮೇಜಿನ ತುಂಬ ಕಾಯಿಗಳು. ತೊಳೆದು, ಒದ್ದೆ ಕಾಗದ ಹಾಸಿದ ಗಾಜಿನ ಬಟ್ಟಲಿನಲ್ಲಿಟ್ಟು ಮುಚ್ಚಿದೆವು. ಒಂದೆರಡು ದಿನಗಳಲ್ಲಿ ಬೂಸ್ಟು ಹತ್ತಿಯಂತೆ ಎದ್ದಿತು. ಸೂಜಿಯ ಮೊನೆಯಿಂದ ಸ್ವಲ್ಪ ತೆಗೆದು, ಗಾಜಿನ ಪಟ್ಟಿಯ ಮೇಲಿನ ನೀರಿನ ಹನಿಗೆ ಹಾಕಿ, ತೆಳುಗಾಜು ಮುಚ್ಚಿ, ಮೊದಲು 100 ಪಟ್ಟು, ಅನಂತರ 400 ಪಟ್ಟು.

ಕಂಡ ನೋಟವನ್ನು ಹೇಗೆ ಬಣ್ಣಿಸಲಿ! ಗಾಜಿನ ದಾರಗಳಂತಹ ಎಳೆಗಳು. ಅವುಗಳ ತುದಿಯಲ್ಲಿ ನಿಂಬೆಹಣ್ಣಿನ ಆಕಾರದ ಚೀಲಗಳು, ಒಂದು ತುದಿಯಲ್ಲಿ ಪುಟ್ಟ ಮೊಲೆತೊಟ್ಟಿನಂತಹ ಉಬ್ಬು. ಇಂತಹ ಚೀಲದ ಉದ್ದ ಸುಮಾರು 40 ಮೈಕ್ರೋಮೀಟರ್, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತೈದನೆಯ ಒಂದು ಪಾಲು. ಬರಿಗಣ್ಣಿಗೆ ಇಲ್ಲವೇ ಇಲ್ಲ. 400 ಪಟ್ಟಿನಲ್ಲಿ ಅದು 16 ಮಿಲಿಮೀಟರ್, ಅಡಿಕೆಯ ಎಳೆಗಾಯಿಯಷ್ಟು ಕಾಣುತ್ತದೆ.

ಅರ್ಧ ಗಂಟೆ ಕಳೆದಿರಬಹುದು. ನೋಡುತ್ತಿದ್ದ ಹುಡುಗ ಕೂಗಿಕೊಂಡ: "ಸರ್, ಒಡೆಯಿತು! ಒಳಗಿಂದ ಏನೋ ಓಡುತ್ತಾ ಉಂಟು!" ಚೀಲದ ತುದಿ ತೆರೆದು ಹತ್ತಿಪ್ಪತ್ತು ಕಣಗಳು ಹೊರಬಿದ್ದು ಹನಿಯೊಳಗೆ ಅತ್ತಿತ್ತ ಈಜಾಡುತ್ತಿದ್ದವು. ಇವೇ ಚರಬೀಜಕಗಳು. ಪ್ರತಿಯೊಂದಕ್ಕೂ ಎರಡು ಬಾಲ. ಗಾತ್ರ ಹೆಚ್ಚುಕಡಿಮೆ 10 ಮೈಕ್ರೋಮೀಟರ್. ತರಗತಿಯ ಎಲ್ಲರೂ ಸಾಲಾಗಿ ಬಂದು ನೋಡಿದರು. ಶಾಲೆಯ ಗಂಟೆ ಬಾರಿಸಿದ್ದು ಯಾರಿಗೂ ಕೇಳಿಸಲಿಲ್ಲ.

ಅಲ್ಲಿಯವರೆಗೆ ಬಾಯಿಪಾಠವಾಗಿದ್ದ ಎಷ್ಟೋ ಮಾತುಗಳು ಆ ಒಂದು ಹನಿಯಲ್ಲಿ ಅರ್ಥವಾದವು. ರೋಗ ಮಳೆಗಾಲದಲ್ಲಿಯೇ ಏಕೆ ಹಬ್ಬುತ್ತದೆ? ಈಜಲು ನೀರು ಬೇಕು. ಒಂದು ಗೊನೆಯಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ? ಗಾಳಿ ಮಳೆ ಚೀಲಗಳನ್ನು ಕಿತ್ತು ಎರಚುತ್ತದೆ. ಕಾಯಿಯ ಮೇಲಿನ ತೆಳು ನೀರಿನಲ್ಲಿ ಬೀಜಕಗಳು ಈಜಿ, ಬಾಲ ಕಳಚಿ ನೆಲೆನಿಂತು, ಮೊಳೆತು ಒಳಹೊಗುತ್ತವೆ. ಕೊಟ್ಟೆ ಕಟ್ಟಿದರೆ ಏಕೆ ಉಳಿಯುತ್ತದೆ? ನೀರೇ ಇಲ್ಲದೆ ಈಜುವುದೆಲ್ಲಿ! ಮದ್ದನ್ನು ಮಳೆಗೆ ಮುಂಚೆಯೇ ಏಕೆ ಬಿಡಬೇಕು? ತಾಮ್ರದ ಲೇಪ ಮೊದಲೇ ಕಾಯಿಯ ಮೇಲೆ ಕಾದಿದ್ದರೆ ಬೀಜಕ ಬಂದೊಡನೆ ಸಾಯುತ್ತದೆ. ಒಳಹೊಕ್ಕ ಮೇಲೆ ಹೊರಗಿನ ಲೇಪದಿಂದ ಪ್ರಯೋಜನವಿಲ್ಲ.

ಆ ಮದ್ದು ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು ಬೇಲಿಯಂಚಿನ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಸ್ಟುರೋಗ ಬಾರದಿದ್ದುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದ. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ ಬೆರೆಸಬೇಕು. ಹೊಳೆಯುವ ಚಾಕುವಿನ ಅಲಗನ್ನು ಅದ್ದಿದಾಗ ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದೆಂದು ತಿಳಿಯಬೇಕು. ಮಳೆ ಹಿಡಿಯುವ ಮುನ್ನ ಒಮ್ಮೆ, 40–45 ದಿನಗಳ ಬಳಿಕ ಮತ್ತೊಮ್ಮೆ ಬಿಡುವುದು ರೂಢಿ.

ನನ್ನ ತಪ್ಪು

ಮಕ್ಕಳು ಮನೆಗೆ ಹೋಗಿ ಹೇಳಿದ ಸುದ್ದಿ ಊರೆಲ್ಲ ಹರಡಿತು. ತೋಟದವರು ಎಲೆ, ಕಾಯಿ, ಬೇರು ಹಿಡಿದುಕೊಂಡು ಶಾಲೆಗೆ ಬರತೊಡಗಿದರು. ನನಗೂ ಒಳಗೊಳಗೆ ಸ್ವಲ್ಪ ಹೆಮ್ಮೆಯೇ. ಆ ಹೆಮ್ಮೆಯ ಕಥೆಯನ್ನು ಮುಚ್ಚಿಡದೆ ಹೇಳುತ್ತೇನೆ.

ಸುಳ್ಯದ ಘಟ್ಟದ ಮಗ್ಗುಲಿನ ಒಬ್ಬ ಹಿರಿಯ ಕೃಷಿಕರು ಒಂದು ಸಂಜೆ ಅಡಿಕೆಯ ಸೋಗೆ ತಂದರು. ಗರಿಗಳ ತುದಿಯಿಂದ ಹಳದಿ ಇಳಿದುಬಂದಿತ್ತು. ಬೇರಿನ ತುದಿಗಳು ಕಪ್ಪಾಗಿದ್ದವು. ಅಡಿಕೆಯನ್ನು ಒಡೆದರೆ ಒಳತಿರುಳು ಮೆತ್ತಗಾಗಿ ಬಣ್ಣಗೆಟ್ಟಿತ್ತು.

"ಮಾಷ್ಟ್ರೇ, ನಿಮ್ಮ ಕನ್ನಡಿಯಲ್ಲಿ ಒಮ್ಮೆ ನೋಡಿ. ಇದರಲ್ಲಿ ಏನಾದರೂ ಉಂಟಾ?" ಎಂದು ಕೇಳಿದರು.

ಎರಡು ಸಂಜೆ ಕುಳಿತು ನೋಡಿದೆ. ಎಲೆಯ ತೆಳುಹೋಳುಗಳನ್ನು ಮಾಡಿ 400 ಪಟ್ಟಿನವರೆಗೂ ಹೋದೆ. ಬೂಸ್ಟಿನ ಎಳೆಯಿಲ್ಲ, ಬೀಜಕವಿಲ್ಲ, ನುಸಿಯಿಲ್ಲ. "ಏನೂ ಇಲ್ಲ ಗೌಡರೇ. ಇದು ರೋಗವಲ್ಲ, ಗೊಬ್ಬರದ ಕೊರತೆ" ಎಂದುಬಿಟ್ಟೆ.

ಮಾಷ್ಟ್ರು ಕನ್ನಡಿಯಲ್ಲಿ ನೋಡಿ ಹೇಳಿದ ಮಾತು! ಅವರು ಸಾಲ ಮಾಡಿ ಗೊಬ್ಬರ ಹಾಕಿದರು. ಸತ್ತ ಮರಗಳ ಎಡೆಯಲ್ಲಿ ಮತ್ತೆ ಅಡಿಕೆಯ ಸಸಿಗಳನ್ನೇ ನೆಟ್ಟರು. ಮೂರು ವರ್ಷಗಳಲ್ಲಿ ಹಳದಿ ಪಕ್ಕದ ಸಾಲುಗಳಿಗೂ ಹಬ್ಬಿತು. ಹೊಸ ಸಸಿಗಳಿಗೂ ಬಂತು. ಆಮೇಲೆ ಒಂದು ಕೃಷಿಕರ ಸಭೆಯಲ್ಲಿ ವಿಜ್ಞಾನಿಯೊಬ್ಬರ ಮಾತು ಕೇಳಿದಾಗ ನನ್ನ ಎದೆ ಝಲ್ಲೆಂದಿತು. ಅದು ಅಡಿಕೆಯ ಹಳದಿ ಎಲೆ ರೋಗ. ಕೇರಳದಲ್ಲಿ 1914ರಷ್ಟು ಹಿಂದೆಯೇ ಕಂಡುಬಂದಿದ್ದು, ಸಂಪಾಜೆ, ಅರಂತೋಡು ಮೊದಲಾದ ಸುಳ್ಯದ ಗ್ರಾಮಗಳ ತೋಟಗಳನ್ನು ಬರಿದುಮಾಡಿದ ರೋಗ. ಅದರೊಂದಿಗೆ ಫೈಟೊಪ್ಲಾಸ್ಮ ಎಂಬ ಜಾತಿಯ ಅತಿ ಸೂಕ್ಷ್ಮ ಜೀವಿಗಳಿರುವುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು, 1978ರಲ್ಲಿಯೇ ಪ್ರಕಟವಾಗಿತ್ತು. ತಿಳಿಯದೆ ಇದ್ದವನು ನಾನು.

ಬೆಳಕಿನ ಗಡಿ

ನನಗೇಕೆ ಕಾಣಲಿಲ್ಲ? ಇದಕ್ಕೆ ಉತ್ತರ ವರ್ಧನದ ಲೆಕ್ಕದಲ್ಲಿ ಅಲ್ಲ, ಬೆಳಕಿನ ಸ್ವಭಾವದಲ್ಲಿದೆ.

ವರ್ಧನ ಬೇರೆ, ಬಿಡಿಸಿ ತೋರುವ ಶಕ್ತಿ ಬೇರೆ. ವೃತ್ತಪತ್ರಿಕೆಯ ಚಿತ್ರವನ್ನು ಭೂತಗನ್ನಡಿಯಿಂದ ನೋಡಿದರೆ ಚುಕ್ಕಿಗಳು ದೊಡ್ಡವಾಗುತ್ತವೆಯೇ ಹೊರತು ಚಿತ್ರದಲ್ಲಿ ಇಲ್ಲದ ವಿವರ ಹೊಸದಾಗಿ ಹುಟ್ಟುವುದಿಲ್ಲ. ಸೂಕ್ಷ್ಮದರ್ಶಕದ ಸ್ಥಿತಿಯೂ ಇದೇ. ಬೆಳಕು ಅಲೆ. ಹಸಿರು ಬೆಳಕಿನ ತರಂಗದೂರ ಅರ್ಧ ಮೈಕ್ರೋಮೀಟರಿಗೆ ತುಸು ಹೆಚ್ಚು. ಜರ್ಮನಿಯ ಯೇನಾ ನಗರದಲ್ಲಿ ಕಾರ್ಲ್ ಝೈಸ್ ಅವರ ಕಾರ್ಖಾನೆಯೊಂದಿಗೆ ದುಡಿದ ಅರ್ನ್‌ಸ್ಟ್ ಆಬೆ 1873ರಲ್ಲಿ ಒಂದು ಸತ್ಯವನ್ನು ಸಾರಿದ: ತರಂಗದೂರದ ಸುಮಾರು ಅರ್ಧಕ್ಕಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೆಳಕು ಬಿಡಿಸಿ ತೋರಲಾರದು. ಮಸೂರ ಎಷ್ಟೇ ಉತ್ತಮವಾಗಿರಲಿ, ಮಸೂರ ಮತ್ತು ಗಾಜಿನ ನಡುವೆ ಎಣ್ಣೆಯ ಹನಿಯಿಟ್ಟು ನೋಡುವ 100 ಪಟ್ಟಿನ ವಸ್ತುಮಸೂರವನ್ನೇ ಬಳಸಲಿ, ಎಲ್ಲೆ ಸುಮಾರು 0.2 ಮೈಕ್ರೋಮೀಟರ್. ಶಾಲೆಯ 40 ಪಟ್ಟಿನ ಮಸೂರಕ್ಕೆ ಅದು 0.4ರ ಆಸುಪಾಸು. ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಹೆಚ್ಚೆಂದರೆ 1,000ದಿಂದ 1,250 ಪಟ್ಟಿನವರೆಗಿನ ವರ್ಧನ ಸಾರ್ಥಕ. ಅದರಾಚೆಗೆ ಹಿಗ್ಗಿಸುವುದು ಬರಿಯ ಪೊಳ್ಳು. ಪೇಟೆಯಲ್ಲಿ ಎರಡು ಸಾವಿರ ಪಟ್ಟು ಎಂದು ಬರೆದ ಆಟಿಕೆಯ ಸೂಕ್ಷ್ಮದರ್ಶಕವನ್ನು ಮಕ್ಕಳಿಗೆ ಕೊಳ್ಳುವ ತಂದೆತಾಯಿಗಳು ಇದನ್ನು ಗಮನದಲ್ಲಿಡುವುದು ಒಳ್ಳೆಯದು.

ಫೈಟೊಪ್ಲಾಸ್ಮದ ಗಾತ್ರ ಸಾಮಾನ್ಯವಾಗಿ 0.2ರಿಂದ 0.8 ಮೈಕ್ರೋಮೀಟರ್. ಅಂದರೆ ಅದು ನಿಂತಿರುವುದೇ ಬೆಳಕಿನ ಗಡಿಯ ಮೇಲೆ. ಅದಕ್ಕೆ ಗಟ್ಟಿಯಾದ ಹೊರಗೋಡೆಯೂ ಇಲ್ಲ. ಮರದ ಆಹಾರ ಸಾಗಿಸುವ ನಾಳಗಳೊಳಗೆ ಅಡಗಿರುತ್ತದೆ. ಅರ್ಧ ಮೈಕ್ರೋಮೀಟರಿನ ಕಣವನ್ನು 400 ಪಟ್ಟು ಹಿಗ್ಗಿಸಿದರೆ 0.2 ಮಿಲಿಮೀಟರಿನ ಮಸುಕು ಚುಕ್ಕೆ. ಜೀವಕೋಶದ ನೂರು ಚುಕ್ಕೆಗಳ ನಡುವೆ ಅದೊಂದನ್ನು ಗುರುತಿಸುವುದು ಅಸಾಧ್ಯ. ನಾನು ಎರಡು ಸಂಜೆಯಲ್ಲ, ಎರಡು ವರ್ಷ ಕುಳಿತಿದ್ದರೂ ಕಾಣುತ್ತಿರಲಿಲ್ಲ.

ಈ ಗಡಿಯನ್ನು ದಾಟಬೇಕಾದರೆ ಬೆಳಕನ್ನೇ ಬಿಡಬೇಕು. 1931ರಲ್ಲಿ ಬರ್ಲಿನ್ನಿನ ಅರ್ನ್‌ಸ್ಟ್ ರುಸ್ಕ ಮತ್ತು ಮಾಕ್ಸ್ ನೋಲ್ ಬೆಳಕಿನ ಬದಲು ಎಲೆಕ್ಟ್ರಾನುಗಳನ್ನೂ, ಗಾಜಿನ ಬದಲು ಕಾಂತಗಳನ್ನೂ ಬಳಸಿ ಹೊಸ ಸೂಕ್ಷ್ಮದರ್ಶಕದ ಮೊದಲ ರೂಪವನ್ನು ಕಟ್ಟಿದರು. ಎಲೆಕ್ಟ್ರಾನಿನ ತರಂಗದೂರ ಬೆಳಕಿನದಕ್ಕಿಂತ ಸಾವಿರಾರು ಪಟ್ಟು ಚಿಕ್ಕದು. ಆದುದರಿಂದ ಲಕ್ಷ ಪಟ್ಟಿನ ವರ್ಧನವೂ ಅಲ್ಲಿ ಸಾರ್ಥಕ. ಈ ಕಾರ್ಯಕ್ಕಾಗಿ ರುಸ್ಕ ಅವರಿಗೆ 1986ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಆದರೆ ವಸ್ತುವನ್ನು ಅತಿ ತೆಳ್ಳಗೆ ಸೀಳಿ ನಿರ್ವಾತದಲ್ಲಿಡಬೇಕಾದುದರಿಂದ ಜೀವಂತ ಓಡಾಟ ಅಲ್ಲಿ ಕಾಣಿಸದು. ನಮ್ಮ ಶಾಲೆಯ ಹನಿಯಲ್ಲಿ ಈಜಿದ ಬೀಜಕಗಳ ಸೊಬಗು ಅದಕ್ಕಿಲ್ಲ. ಪ್ರತಿಯೊಂದು ಸಾಧನಕ್ಕೂ ಅದರದೇ ಕಾಣ್ಕೆ, ಅದರದೇ ಕುರುಡು.

1991–92ರ ಸುಮಾರಿಗೆ ಈ ಜಿಲ್ಲೆಯ ಜೇನುಪೆಟ್ಟಿಗೆಗಳಲ್ಲಿ ಮರಿಗಳು ಚೀಲದಂತೆ ಉಬ್ಬಿ ಸತ್ತು, ಕುಟುಂಬಗಳು ಸಾಲುಸಾಲಾಗಿ ನಾಶವಾದದ್ದು ಹಿರಿಯರಿಗೆ ನೆನಪಿರಬಹುದು. ಅದಕ್ಕೆ ಕಾರಣ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್. ಅದರ ಅಡ್ಡಳತೆ ಮೈಕ್ರೋಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಅದು ಸಂಪೂರ್ಣ ಅಗೋಚರ. ಇಂದು ಇಂತಹವನ್ನು ಪತ್ತೆಹಚ್ಚಲು ಇನ್ನೊಂದು ಉಪಾಯವಿದೆ. ಬಿಂಬವನ್ನು ಹಿಗ್ಗಿಸುವ ಬದಲು, ರೋಗಾಣುವಿನ ಡಿಎನ್‌ಎ ತುಣುಕನ್ನೇ ಒಂದು ಎರಡಾಗಿ, ಎರಡು ನಾಲ್ಕಾಗಿ ಇಮ್ಮಡಿಸುತ್ತ ಹೋಗುವ ಪಿಸಿಆರ್ ವಿಧಾನ. ಮೂವತ್ತು ಸಲ ಇಮ್ಮಡಿಸಿದರೆ ಒಂದು ತುಣುಕು ನೂರು ಕೋಟಿಗೂ ಮಿಕ್ಕುತ್ತದೆ. ಕೊರೋನಾ ಕಾಲದಲ್ಲಿ ಮನೆಮಾತಾದ ಈ ಪರೀಕ್ಷೆಯಿಂದಲೇ ಹಳದಿ ಎಲೆ ರೋಗದ ಫೈಟೊಪ್ಲಾಸ್ಮವನ್ನೂ ಗುರುತಿಸಲಾಗುತ್ತಿದೆ.

ಕೃಷಿಕ ಕುಟುಂಬಗಳಿಗೆ ಎರಡು ಮಾತು

ಬರಿಗಣ್ಣು, ಹತ್ತು ಪಟ್ಟಿನ ಕೈಮಸೂರ, ಶಾಲೆಯ ಸೂಕ್ಷ್ಮದರ್ಶಕ, ಸಂಶೋಧನಾಲಯ: ಇವು ನಾಲ್ಕು ಮೆಟ್ಟಿಲುಗಳು. ಬೇಸಿಗೆಯಲ್ಲಿ ಸೋಗೆಯ ಅಡಿಭಾಗದಲ್ಲಿ ರಸ ಹೀರುವ ನುಸಿ ಕಾಲು ಮಿಲಿಮೀಟರಿನಷ್ಟಿರುತ್ತದೆ, ಕೈಮಸೂರ ಸಾಕು. ಮಹಾಳಿಯ ಬೀಜಕಕ್ಕೆ ಶಾಲೆಯ ಸೂಕ್ಷ್ಮದರ್ಶಕ ಸಾಕು. ಇತ್ತೀಚೆಗೆ ಘಟ್ಟದ ತಪ್ಪಲಿನ ತೋಟಗಳನ್ನು ಕಾಡುತ್ತಿರುವ ಎಲೆಚುಕ್ಕಿ ರೋಗದ ಶಿಲೀಂಧ್ರ ಬೀಜಕಗಳೂ ಅದರಲ್ಲಿ ಕಾಣುತ್ತವೆ. ಆದರೆ ಒಂದಕ್ಕಿಂತ ಹೆಚ್ಚು ಬಗೆಯ ಶಿಲೀಂಧ್ರಗಳು ಚುಕ್ಕಿಯನ್ನು ಉಂಟುಮಾಡಬಲ್ಲುವಾದ್ದರಿಂದ ಅವುಗಳ ಕುಲನಿರ್ಣಯ ತಜ್ಞರ ಕೆಲಸ. ಹಳದಿ ಬಣ್ಣಕ್ಕೆ ನೀರು ನಿಲ್ಲುವುದು, ಪೋಷಕಾಂಶದ ಕೊರತೆ, ಹಳದಿ ಎಲೆ ರೋಗ ಹೀಗೆ ಹಲವು ಕಾರಣಗಳಿರುವುದರಿಂದ ಅಲ್ಲಿ ಊಹೆ ಸಲ್ಲದು. ವಿಟ್ಲದಲ್ಲಿ 1956ರಲ್ಲಿ ಆರಂಭವಾದ ಅಡಿಕೆ ಸಂಶೋಧನಾ ಕೇಂದ್ರ ಇಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಅಂಗ. ಕಡಬ ತಾಲೂಕಿನ ಕಿದುವಿನಲ್ಲಿಯೂ ಅದೇ ಸಂಸ್ಥೆಯ ಕೇಂದ್ರವಿದೆ. ಮದ್ದಿಗೆ ಹಣ ಸುರಿಯುವ ಮುನ್ನ ಮಾದರಿಯನ್ನು ಅಲ್ಲಿಗೆ ಒಯ್ಯುವುದು ವಿವೇಕ. ಹಳದಿ ಎಲೆ ರೋಗವನ್ನು ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ರೋಗಗ್ರಸ್ತ ತೋಟಗಳ ನಡುವೆಯೂ ಹಸಿರಾಗಿ ಉಳಿದ ಮರಗಳಿಂದ ಸಹಿಷ್ಣು ತಳಿ ಬೆಳೆಸುವ ಪ್ರಯತ್ನದಲ್ಲಿ ವಿಜ್ಞಾನಿಗಳಿದ್ದಾರೆ.

ಶಾಲೆಗಳ ಆಡಳಿತ ಮಂಡಳಿಗಳಿಗೂ ಒಂದು ವಿನಂತಿ. ಸೂಕ್ಷ್ಮದರ್ಶಕ ಬೀರುವಿನ ಅಲಂಕಾರವಲ್ಲ. ಅದನ್ನು ಹೊರತೆಗೆಯಿರಿ. ಮನು ಪ್ರಕಾಶ್ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪಿಸಿ 2014ರಲ್ಲಿ ಲೋಕಕ್ಕೆ ಪರಿಚಯಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕ ಲೀವೆನ್‌ಹುಕ್‌ನ ಒಂಟಿ ಮಸೂರದ ತತ್ತ್ವವನ್ನೇ ಬಳಸಿ 140 ಪಟ್ಟು ಹಿಗ್ಗಿಸುತ್ತದೆ. ಮಗುವಿನ ಪುಸ್ತಕದೊಳಗೆ ಇಡಬಹುದು.

ಕೊನೆಯದಾಗಿ, ಆ ಹಿರಿಯರ ಮಾತು. ಸತ್ಯ ತಿಳಿದ ವಾರವೇ ಅವರ ಮನೆಗೆ ಹೋದೆ. ಅಂಗಳದಾಚೆಯ ತೋಟದಲ್ಲಿ ಮರಗಳ ತಲೆಗಳು ಬೋಳಾಗಿದ್ದವು. ಜಗಲಿಯಲ್ಲಿ ಕುಳ್ಳಿರಿಸಿ ಬೆಲ್ಲ ನೀರು ಕೊಟ್ಟರು. ನಡೆದುದನ್ನು ಹೇಳಿ ಕ್ಷಮೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು:

"ನೀವು ಸುಳ್ಳು ಹೇಳಲಿಲ್ಲ ಮಾಷ್ಟ್ರೇ, ಕಂಡದ್ದನ್ನೇ ಹೇಳಿದಿರಿ. ಆದರೆ ನಿಮ್ಮ ಕನ್ನಡಿಗೆ ಎಷ್ಟು ಕಾಣುತ್ತದೆ ಅಂತ ಅವತ್ತು ನನಗೆ ಹೇಳಲಿಲ್ಲ, ಅಷ್ಟೇ."

ಅಂದಿನಿಂದ ನಿವೃತ್ತನಾಗುವವರೆಗೂ ಸೂಕ್ಷ್ಮದರ್ಶಕದ ಮೊದಲ ಪಾಠವನ್ನು ನಾನು ಅಲ್ಲಿಂದಲೇ ಆರಂಭಿಸುತ್ತಿದ್ದೆ. ಕಪ್ಪುಹಲಗೆಯ ಮೇಲೆ ಮೊದಲು ಬರೆಯುತ್ತಿದ್ದುದು ವರ್ಧನದ ಸೂತ್ರವನ್ನಲ್ಲ, "ಈ ಸಾಧನಕ್ಕೆ ಕಾಣದ್ದು ಯಾವುದು?" ಎಂಬ ಪ್ರಶ್ನೆಯನ್ನು. ಅವರು ಆ ಜಾಗದಲ್ಲಿ ಆಮೇಲೆ ರಬ್ಬರ್ ಹಾಕಿದರು. ಸಾಲ ತೀರಲು ಬಹಳ ವರ್ಷ ಹಿಡಿಯಿತು.